ಎಳೆಯರಿಗೆ ದೇಶಪರಿಶೋಧಕರ ಪಾಠ

ನನ್ನ ತಂಗಿಯ ಮಗನಿಗೆ ಎಂಟು ವರ್ಷ. ಒಂದು ದಿನ ಸಾಯಂಕಾಲ ಅವನು ಜಗುಲಿಯ ಮೇಲೆ ಕುಳಿತು ಗಟ್ಟಿಯಾಗಿ ಪಾಠ ಒಪ್ಪಿಸುತ್ತಿದ್ದನು. ಕೊಲಂಬಸನು ೧೪೯೨ರಲ್ಲಿ ಅಮೆರಿಕವನ್ನು ಕಂಡುಹಿಡಿದನು. ವಾಸ್ಕೋ ಡ ಗಾಮನು ೧೪೯೮ರಲ್ಲಿ ಇಂಡಿಯಾವನ್ನು ಕಂಡುಹಿಡಿದನು. ಮೆಗಲನನು ಭೂಮಿಯನ್ನು ಸುತ್ತಿಬಂದನು. ಮೆಗಲನನು ೧೫೨೧ರಲ್ಲಿ ಫಿಲಿಪ್ಪೀನ್ ದ್ವೀಪಗಳಲ್ಲಿಯೇ ಹತನಾದನು. ಮರುವರ್ಷ ಸುತ್ತಿ ಬಂದು ಸ್ಪೇನನ್ನು ಸೇರಿದುದು ಅವನ ಹಡಗುಗಳಲ್ಲೊಂದು ಮಾತ್ರ. ಈ ತಪ್ಪನ್ನು ತಿದ್ದೋಣವೆಂದು ನಾನು ಬಾಯಿ ತೆರೆಯುವುದರೊಳಗಾಗಿ ಹುಡುಗನೇ ನನ್ನನ್ನು ಕೇಳಿದನು: "ಮಾವ, ಗಾಮ ಕಂಡುಹಿಡಿಯೋದಕ್ಕೆ ಮುಂಚೆ ನಾವೆಲ್ಲ ಎಲ್ಲಿದ್ದೆವು?"

ಚರಿತ್ರೆಯ ದೃಷ್ಟಿಯಿಂದ ನಾನು ಕೊಟ್ಟ ಉತ್ತರ ಸರಿಯಾದುದೇ ಆಗಿದ್ದಿತು. ಗಾಮನು ಆಫ್ರಿಕದ ಪೂರ್ವತೀರದ ಮಲಿಂದಿಯನ್ನು ಮುಟ್ಟಿದಾಗ ಅಲ್ಲಿಯ ಅರಸನು ಅವನಿಗೆ ಒಬ್ಬ ಮಾರ್ಗದರ್ಶಿಯನ್ನು ಕೊಟ್ಟನೆಂದೂ, ಮಾರುತಗಳ ಗುಟ್ಟನ್ನು ಬಲ್ಲ ಆ ನಾವಿಕನು ನಾಲ್ಕು ವಾರಗಳೊಳಗಾಗಿ ಹಡಗುಗಳನ್ನು ಕಲ್ಲಿಕೋಟೆಯ ಬಳಿಗೆ ತಂದು ಮುಟ್ಟಿಸಿದನೆಂದೂ, ಹಿಂದಿರುಗುವಾಗ ಗಾಮನು ನಮ್ಮ ಕಾರವಾರದ ಹತ್ತಿರದ ಅಂಜದೀವ ದ್ವೀಪದಲ್ಲಿ ತಂಗಿದ್ದನೆಂದೂ ವಿವರಿಸಿದೆನು. ಹುಡುಗನು ಕೇಳಿದನು, ತಲೆಯಾಡಿಸಿದನು, ಅನಂತರ ಮೊದಲಿನಂತೆಯೇ ಒಪ್ಪಿಸಲಾರಂಭಿಸಿದನು. ಪರೀಕ್ಷೆಯಲ್ಲಿ ಬರೆಯಬೇಕಾದುದು ಅದೇ ತಾನೆ! ನಾನು ಹೇಳಿದುದು ಅವನಿಗೆ ಮತ್ತೊಂದು ಪಾಠವಾಯಿತೇ ಹೊರತು ಅವನ ಮನಸ್ಸಿನಲ್ಲಿದ್ದ ಚಿತ್ರ ಬದಲಾಗಲಿಲ್ಲ. ಆ ಚಿತ್ರದಲ್ಲಿ ಪರಿಶೋಧಕನೆಂದರೆ ದೂರದೇಶದಿಂದ ಬರುವ ಗಡ್ಡದ ದೊರೆ. ನಾವೆಂದರೆ ಅವನ ಕಣ್ಣಿಗೆ ಬೀಳುವುದಕ್ಕಾಗಿ ದಡದ ಮೇಲೆ ಕಾದು ನಿಂತವರು.

ಪ್ರಾಥಮಿಕ ಪಾಠಶಾಲೆಯಲ್ಲಿ ಉಪಾಧ್ಯಾಯರಾಗಿರುವ ಮಿತ್ರರೊಬ್ಬರಿಗೆ ಈ ಸಂಗತಿಯನ್ನು ಹೇಳಿದೆನು. ಅವರು ನಕ್ಕು, "ನಿಮ್ಮ ಕಾಲೇಜಿನಲ್ಲಿ ಹೇಳಿದರೆ ಸಾಕು, ನಮ್ಮಲ್ಲಿ ಮಾಡಿಸಬೇಕು. ನಮ್ಮ ಹುಡುಗರ ಕೈಯಲ್ಲಿ ಆಗುವಂಥ ಕೆಲಸ ಮಾಡಿದ ಪರಿಶೋಧಕನೊಬ್ಬನನ್ನು ಹುಡುಕಿ ಕೊಡಿ, ನೋಡೋಣ" ಎಂದರು. ಈ ಮಾತು ನನ್ನನ್ನು ಕೆಲವು ದಿನ ಕಾಡಿತು. ಹಡಗು ನಮ್ಮಲ್ಲಿಲ್ಲ, ಸಮುದ್ರವು ಮೈಸೂರಿನಿಂದ ದೂರ, ಧ್ರುವಪ್ರದೇಶದ ಹಿಮವನ್ನು ತರುವಂತಿಲ್ಲ. ಮಾಡಿ ಕಲಿಯಬೇಕೆಂಬ ಮಾತೇನೋ ಹೊಸದಲ್ಲ. ರೂಸೋ ೧೭೬೨ರಲ್ಲಿ ಪ್ರಕಟಿಸಿದ 'ಎಮೀಲ್' ಗ್ರಂಥದಲ್ಲಿ ಗುರುಶಿಷ್ಯರು ಕಾಡಿನಲ್ಲಿ ದಾರಿ ತಪ್ಪುತ್ತಾರೆ. ಹಸಿದು ಅಳುತ್ತಿದ್ದ ಹುಡುಗನು ಮಧ್ಯಾಹ್ನದ ನೆರಳಿನಿಂದ ಉತ್ತರ ದಿಕ್ಕನ್ನು ತಿಳಿದು ಊರಿನ ಹಾದಿಯನ್ನು ತಾನೇ ಕಂಡುಕೊಳ್ಳುತ್ತಾನೆ. ಡ್ಯೂಯಿ ಪಂಡಿತನು ೧೮೯೬ರಲ್ಲಿ ಷಿಕಾಗೋದಲ್ಲಿ ತೆರೆದ ಶಾಲೆಯ ವಿಷಯವನ್ನು ಉಪಾಧ್ಯಾಯವೃತ್ತಿಗೆ ಓದಿದವರೆಲ್ಲರೂ ಬಲ್ಲರು. ಆದರೆ ನಮಗೆ ಬೇಕಾಗಿದ್ದ ಪರಿಶೋಧಕನು ಈ ಗ್ರಂಥಗಳಲ್ಲಿ ಸಿಕ್ಕಲಿಲ್ಲ. ಅವನು ಸಿಕ್ಕಿದುದು ಭೂಮಾಪನ ಇಲಾಖೆಯ ಚರಿತ್ರೆಯಲ್ಲಿ. ಅವನೂ ಶಾಲಾ ಉಪಾಧ್ಯಾಯನೇ ಆಗಿದ್ದನೆಂದು ಕೇಳಿ ನನ್ನ ಮಿತ್ರರಿಗೆ ಬಹಳ ಸಂತೋಷವಾಯಿತು.

ಭರತಖಂಡದ ಮಹಾ ತ್ರಿಕೋಣಮಾಪನವು ೧೮೦೨ರಲ್ಲಿ ಮದರಾಸಿನ ಬಳಿ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿಯಿಂದ ಆರಂಭವಾಯಿತು. ಎರಡು ವರ್ಷಗಳಲ್ಲಿ ಅದು ತ್ರಿಕೋಣಗಳ ಸರಪಣಿಯಾಗಿ ನಮ್ಮ ಬೆಂಗಳೂರಿಗೆ ಬಂದಿತು. ಅಲ್ಲಿ ಏಳು ಮೈಲಿಗೂ ಮೀರಿದ ನೆಲವನ್ನು ಸರಪಣಿ ಹಿಡಿದು ಅಳೆದು ನೋಡಿದಾಗ, ಮದರಾಸಿನಿಂದ ಲೆಕ್ಕ ಹಾಕಿ ತಂದ ಉದ್ದಕ್ಕೂ ಈ ಉದ್ದಕ್ಕೂ ಇದ್ದ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತ ಕಡಿಮೆ. ಇಷ್ಟು ಸೂಕ್ಷ್ಮವಾದ ಮಾಪನವು ೧೮೬೦ರ ಸುಮಾರಿಗೆ ಹಿಮಾಲಯವನ್ನು ಮುಟ್ಟಿ ನಿಂತುಬಿಟ್ಟಿತು. ಪರ್ವತದ ಆಚೆ ಟಿಬೆಟ್. ಪರದೇಶೀಯರಿಗೆ ಅಲ್ಲಿ ಪ್ರವೇಶವಿಲ್ಲ. ದುರ್ಬೀನನ್ನೂ ಸರಪಣಿಯನ್ನೂ ಹೊತ್ತು ಹೋದವರು ಗಡಿಯಲ್ಲಿಯೇ ಹಿಂದಕ್ಕೆ ಬರಬೇಕು. ಭೂಪಟದಲ್ಲಿ ಅಷ್ಟು ಭಾಗ ಬರಿಯ ಬಿಳಿಯ ಕಾಗದ. ಲ್ಹಾಸಾ ನಗರವು ಇಂಥ ಸ್ಥಳದಲ್ಲಿದೆಯೆಂದು ಖಚಿತವಾಗಿ ಗುರುತಿಸುವಂತಿರಲಿಲ್ಲ.

ಆಗ ಮಾಂಟ್‌ಗೊಮರಿ ಎಂಬ ಕ್ಯಾಪ್ಟನ್ನನಿಗೆ, ದೊರೆಗಳು ಹೋಗಲಾರದ ಕಡೆಗೆ ವ್ಯಾಪಾರಿಗಳೂ ಯಾತ್ರಿಕರೂ ಹೋಗಿ ಬರುತ್ತಿರುವರಷ್ಟೆ ಎಂಬ ಆಲೋಚನೆ ಹೊಳೆಯಿತು. ಕುಮಾಊಁ ಪ್ರಾಂತದ ಜೋಹಾರ್ ಕಣಿವೆಯಲ್ಲಿ ಮಿಲಮ್ ಎಂಬ ಹಳ್ಳಿಯಿದೆ. ಅಲ್ಲಿಯ ಭೋಟಿಯಾ ಜನರು ತಲೆತಲಾಂತರದಿಂದ ಟಿಬೆಟ್ಟಿನೊಡನೆ ವ್ಯಾಪಾರ ಮಾಡಿದವರು, ಆ ಭಾಷೆಯನ್ನು ಬಲ್ಲವರು. ಅಲ್ಲಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ನೈನ್ ಸಿಂಗ್ ಎಂಬುವನನ್ನು ೧೮೬೩ರಲ್ಲಿ ಅವನ ಬಂಧು ಮಾನೀ ಸಿಂಗನೊಡನೆ ಡೆಹರಾಡೂನಿಗೆ ಕರೆಸಿ ಶಿಕ್ಷಣ ಕೊಟ್ಟರು. ಉಪಾಧ್ಯಾಯನಾಗಿದ್ದುದರಿಂದ ಅವನಿಗೆ 'ಪಂಡಿತ' ಎಂದೇ ಹೆಸರಾಯಿತು. ಇಲಾಖೆಯ ವರದಿಗಳಲ್ಲಿ ಬಹುಕಾಲ ಅವನ ನಿಜವಾದ ಹೆಸರು ಬಾರದೆ ಈ ಒಂದು ಮಾತೇ ಇದ್ದಿತು. ಹೆಸರು ಹೊರಬಿದ್ದರೆ ಪ್ರಾಣಕ್ಕೆ ಅಪಾಯ.

ಅವನಿಗೆ ಕಲಿಸಿದ ವಿದ್ಯೆಯ ಸರಳತೆಯನ್ನು ನೋಡಿ. ಮೊದಲನೆಯದು, ನಡೆಯುವುದು. ಬೆಟ್ಟವನ್ನು ಹತ್ತಲಿ, ಇಳಿಯಲಿ, ಸಮನೆಲದಲ್ಲಿರಲಿ, ಹೆಜ್ಜೆಯ ಉದ್ದ ಒಂದೇ ಆಗಿರಬೇಕು. ಸುಮಾರು ಎರಡು ಸಾವಿರ ಹೆಜ್ಜೆಗೆ ಒಂದು ಮೈಲಿ. ಎರಡನೆಯದು, ಎಣಿಸುವುದು. ಬೌದ್ಧರ ಜಪಮಾಲೆಯಲ್ಲಿ ನೂರೆಂಟು ಮಣಿಗಳಿರುವುದು ವಾಡಿಕೆ. ಪಂಡಿತನ ಮಾಲೆಯಲ್ಲಿದ್ದುದು ನೂರು. ನೂರು ಹೆಜ್ಜೆಗೆ ಒಂದು ಮಣಿಯನ್ನು ಸರಿಸಿದರೆ ಮಾಲೆ ಒಂದು ಸುತ್ತು ಬರುವಷ್ಟರಲ್ಲಿ ಹತ್ತು ಸಾವಿರ ಹೆಜ್ಜೆ, ಎಂದರೆ ಐದು ಮೈಲಿ. ನೋಡಿದವರಿಗೆ ಯಾವನೋ ಭಕ್ತನು ಜಪ ಮಾಡುತ್ತ ಹೋಗುವಂತೆ ಕಾಣಬೇಕು. ಕೈಯಲ್ಲಿ ತಿರುಗಿಸುವ ಪ್ರಾರ್ಥನಾಚಕ್ರದೊಳಗೆ ಮಂತ್ರದ ಸುರುಳಿಗೆ ಬದಲಾಗಿ ಲೆಕ್ಕ ಬರೆದಿಡುವ ಕಾಗದ, ಊರುಗೋಲಿನಲ್ಲಿ ಉಷ್ಣಮಾಪಕ, ಪೆಟ್ಟಿಗೆಯ ಕಳ್ಳತಳದಲ್ಲಿ ಕೋನವನ್ನಳೆಯುವ ಯಂತ್ರ, ಕವಡೆಗಳಲ್ಲಿ ತುಂಬಿ ಮೇಣ ಮೆತ್ತಿದ ಪಾದರಸ. ಕಿಪ್ಲಿಂಗನ 'ಕಿಮ್' ಕಾದಂಬರಿಯನ್ನು ಓದಿದವರಿಗೆ ಇದರ ಛಾಯೆ ನೆನಪಿಗೆ ಬಂದೀತು. ಆದರೆ ಕಾದಂಬರಿಯಲ್ಲಿ ಆಟದಂತೆ ಕಾಣುವ ಈ ಕೆಲಸವು ನಿಜವಾಗಿ ಎಷ್ಟು ಬೇಸರದ್ದೆಂಬುದನ್ನು ಎಣಿಸಿ ನೋಡಿದವರೇ ಬಲ್ಲರು.

೧೮೬೫ರಲ್ಲಿ ಅವನು ನೇಪಾಳದ ಮಾರ್ಗವಾಗಿ ಟಿಬೆಟ್ಟನ್ನು ಹೊಕ್ಕು, ಲಡಾಖಿನ ವರ್ತಕರ ತಂಡವೊಂದನ್ನು ಸೇರಿಕೊಂಡು ಪೂರ್ವಕ್ಕೆ ನಡೆದನು. ಒಂದೆಡೆ ಸಂಗಡಿಗರೆಲ್ಲರೂ ತ್ಸಾಂಗ್‌ಪೋ ನದಿಯಲ್ಲಿ ದೋಣಿ ಹತ್ತಿ ಸುಖವಾಗಿ ಸಾಗಿದರೆ, ಪಂಡಿತನು ಏನೋ ನೆಪ ಹೇಳಿ ದಡದ ಮೇಲೆ ನಡೆದೇ ಬಂದನು. ದೋಣಿ ಹತ್ತಿದರೆ ಲೆಕ್ಕ ಕೆಟ್ಟಿತು! ೧೮೬೬ರ ಜನವರಿಯಲ್ಲಿ ಲ್ಹಾಸಾವನ್ನು ಸೇರಿದನು. ಕೈಯಲ್ಲಿದ್ದ ಹಣ ಮುಗಿದಾಗ ಅಲ್ಲಿಯ ನೇಪಾಳಿ ವರ್ತಕರಿಗೆ ಲೆಕ್ಕ ಬರೆಯುವ ನಮ್ಮ ಕಡೆಯ ಕ್ರಮವನ್ನು ಹೇಳಿಕೊಟ್ಟು ಹೊಟ್ಟೆ ಹೊರೆದನು. ದಲಾಯಿ ಲಾಮಾ ಅವರ ದರ್ಶನವನ್ನೂ ಮಾಡಿದನು. ಅವರು ಆಗ ಒಂಬತ್ತು ವರ್ಷದ ಬಾಲಕರು. ಏಪ್ರಿಲಿನಲ್ಲಿ ಅಲ್ಲಿಂದ ಹೊರಟು ಅದೇ ವರ್ಷ ತಾಯ್ನಾಡಿಗೆ ಹಿಂದಿರುಗಿದಾಗ ಅವನು ಹೆಜ್ಜೆಯಿಂದ ಅಳೆದಿದ್ದ ದಾರಿ ಸುಮಾರು ೧,೨೦೦ ಮೈಲಿ. ಎಂದರೆ ೨೪ ಲಕ್ಷ ಹೆಜ್ಜೆ. ೧೮೭೭ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯವರು ಅವನಿಗೆ ಚಿನ್ನದ ಪದಕವನ್ನಿತ್ತರು.

ನನ್ನ ಮಿತ್ರರು ಈ ಕಥೆಯನ್ನು ಮಕ್ಕಳಿಗೆ ಮೊದಲೇ ಹೇಳಲಿಲ್ಲ. ಒಂದು ಶನಿವಾರ ಬೆಳಿಗ್ಗೆ ಮೂವತ್ತು ಮಕ್ಕಳನ್ನು ಹೊರಡಿಸಿಕೊಂಡು ಕೆರೆಯ ಏರಿಯ ಮೇಲೆ ನಿಲ್ಲಿಸಿ, ಒಬ್ಬೊಬ್ಬರಿಗೂ ಹತ್ತು ಹುಣಿಸೇಬೀಜಗಳನ್ನು ಕೊಟ್ಟರು. ನೂರು ಹೆಜ್ಜೆಯಾದ ಕೂಡಲೆ ಒಂದು ಬೀಜವನ್ನು ಎಡಗೈಯಿಂದ ಬಲಗೈಗೆ ಹಾಕಿಕೊಳ್ಳಬೇಕು. ಆಚೆಯ ಕೊನೆಯ ಅರಳೀಕಟ್ಟೆಯವರೆಗೆ ಎಷ್ಟು ಹೆಜ್ಜೆಯೆಂದು ಬಂದು ಹೇಳಬೇಕು. ಅಷ್ಟು ದೂರವನ್ನು ನಾವಿಬ್ಬರೂ ಹಿಂದಿನ ದಿನವೇ ಹಗ್ಗ ಹಿಡಿದು ಅಳೆದಿದ್ದೆವು. ಸರಿಯಾಗಿ ಎರಡು ಫರ್ಲಾಂಗು. ಮಕ್ಕಳು ತಂದ ಲೆಕ್ಕವನ್ನು ಕೇಳಿ: ಒಬ್ಬನದು ೫೮೦, ಒಬ್ಬಳದು ೮೧೫, ಹೆಚ್ಚಿನವರದು ಏಳುನೂರರ ಆಸುಪಾಸು. ಓಡಿದವರಿದ್ದರು, ಕುಂಟಾಬಿಲ್ಲೆಯಂತೆ ಕುಪ್ಪಳಿಸಿದವರಿದ್ದರು. ನಡುವೆ ಎಮ್ಮೆಗಳ ಹಿಂಡೊಂದು ಅಡ್ಡ ಬಂದಿತು. ಆರೇಳು ಜನರ ಲೆಕ್ಕ ಎಮ್ಮೆಗಳೊಡನೆ ಕೆರೆಗೆ ಇಳಿದುಹೋಯಿತು.

ಅವರಲ್ಲೊಬ್ಬನು ಹೇಳಿದ ಸಂಖ್ಯೆ ಅವನ ಪಕ್ಕದವನು ಹೇಳಿದ ಸಂಖ್ಯೆಯೇ ಆಗಿದ್ದಿತು, ಒಂದೂ ಹೆಚ್ಚು ಕಡಿಮೆಯಿಲ್ಲ. ಉಪಾಧ್ಯಾಯರು ಅವನನ್ನು ಗದರಿಸಲಿಲ್ಲ. ಮತ್ತೊಮ್ಮೆ ಎಲ್ಲರನ್ನೂ ನಡೆಯಿಸಿದರು. ಈ ಸಲ ಲೆಕ್ಕವನ್ನು ಕಿವಿಯಲ್ಲಿ ಬಂದು ಹೇಳಬೇಕೆಂದರು. ಆ ಹುಡುಗನು ಎರಡನೆಯ ಸಲ ಬಂದು, "ನಾನೂರು ಆದ ಮೇಲೆ ಮರೆತುಹೋಯಿತು, ಸಾರ್" ಎಂದು ಪಿಸುಗುಟ್ಟಿದನು. ನನಗೆ ಆ ಬೆಳಗಿನ ಪಾಠವೆಲ್ಲ ಆ ಒಂದು ಮಾತಿನಲ್ಲಿ ಕಾಣಿಸಿತು. ಅನಂತರ ಎಲ್ಲರನ್ನೂ ಅರಳೀಕಟ್ಟೆಯ ಮೇಲೆ ಕೂರಿಸಿ ಪಂಡಿತನ ಕಥೆಯನ್ನು ಹೇಳಿದಾಗ, '೨೪ ಲಕ್ಷ' ಎಂಬ ಮಾತು ಬಂದೊಡನೆ ಮಕ್ಕಳು ಮೌನವಾಗಿಬಿಟ್ಟರು. ಕಾಲೇಜಿನ ತರಗತಿಯಲ್ಲಿ ನಾನು ಎಷ್ಟೋ ಯುದ್ಧಗಳ ಅಂಕೆಸಂಖ್ಯೆಗಳನ್ನು ಹೇಳಿದ್ದೇನೆ. ಒಂದು ಸಂಖ್ಯೆಗೆ ಅಂಥ ಗೌರವ ದೊರೆತುದನ್ನು ನೋಡಿರಲಿಲ್ಲ.

"ಜಟಕಾ ಹತ್ತಿಸಿಬಿಟ್ಟರೆ ಏನು ಮಾಡುತ್ತಿದ್ದ?" ಎಂದು ಒಬ್ಬಳು ಕೇಳಿದಳು. ಪುಣ್ಯಕ್ಕೆ ಅದಕ್ಕೂ ಚರಿತ್ರೆಯಲ್ಲಿ ಉತ್ತರವಿದ್ದಿತು. ಪಂಡಿತನ ಮನೆತನದವನೇ ಆದ ಕಿಶನ್ ಸಿಂಗನು ೧೮೭೮ರಿಂದ ೧೮೮೨ರವರೆಗೆ ಮಂಗೋಲಿಯದ ಕಡೆಗೆ ಸಂಚರಿಸುತ್ತಿದ್ದಾಗ, ಕಳ್ಳರ ಭಯದಿಂದ ಅವನ ಸಂಗಡಿಗರು ಕುದುರೆಯನ್ನೇರಲೇಬೇಕೆಂದು ಹಟ ಹಿಡಿದರು. ಅವನು ಏರಿ ಕುಳಿತು ಕುದುರೆಯ ಮುಂಗಾಲಿನ ಹೆಜ್ಜೆಗಳನ್ನು ಎಣಿಸಿದನು!

ಮುಂದಿನ ವಾರ ನೀರು ಕಾಯಿಸುವ ಪಾಠ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗಿ ನೀರು ಬೇಗನೆ, ಎಂದರೆ ಕಡಿಮೆ ಉಷ್ಣತೆಯಲ್ಲಿಯೇ, ಕುದಿಯುವುದು. ಆದುದರಿಂದ ಕುದಿಯುವ ನೀರಿನಲ್ಲಿ ಉಷ್ಣಮಾಪಕವನ್ನಿಟ್ಟರೆ ನಿಂತ ಸ್ಥಳದ ಎತ್ತರವು ತಿಳಿಯುವುದು. ಪಂಡಿತನು ಟೀ ಕಾಯಿಸುವ ನೆಪದಲ್ಲಿಯೇ ಪರ್ವತಗಳನ್ನು ಅಳೆಯಬಹುದಾಗಿದ್ದಿತು. ಪಾಠಶಾಲೆಗೆ ಮೊದಲು ತಂದ ಉಷ್ಣಮಾಪಕವು ಜ್ವರ ನೋಡುವಂಥದು. ಅದನ್ನು ಕುದಿನೀರಿಗಿಟ್ಟ ಮಹನೀಯನು ನಾನೇ ಎಂದು ಒಪ್ಪಿಕೊಳ್ಳುತ್ತೇನೆ. ಅದು ಟಪ್ಪೆಂದು ಒಡೆದು ಮಕ್ಕಳಿಗೆ ಪರಮಾನಂದವಾಯಿತು. ಆ ನೀರನ್ನು ಯಾರೂ ಮುಟ್ಟದಂತೆ ದೂರ ಸಾಗಿಸಿ, ಕಾಲೇಜಿನ ಪ್ರಯೋಗಶಾಲೆಯಿಂದ ತಕ್ಕ ಮಾಪಕವೊಂದನ್ನು ತಂದೆವು. ನೀರು ಕೊತಕೊತನೆ ಕುದಿಯುತ್ತಿದ್ದರೂ ಪಾದರಸವು ೨೦೭ ಡಿಗ್ರಿಯನ್ನು ದಾಟಿ ಸ್ವಲ್ಪ ದೂರದಲ್ಲಿಯೇ ನಿಂತುಬಿಟ್ಟಿತು. ಪುಸ್ತಕದಲ್ಲಿರುವುದು ೨೧೨. "ಪುಸ್ತಕ ಸುಳ್ಳೋ, ನೀರು ಸುಳ್ಳೋ?" ಎಂಬ ಪ್ರಶ್ನೆ ಹುಟ್ಟಿತು. ಎರಡೂ ಸುಳ್ಳಲ್ಲ, ಪುಸ್ತಕವು ಸಮುದ್ರದ ದಡದಲ್ಲಿ ಕುಳಿತು ಬರೆದುದು, ನಾವು ಎರಡೂವರೆ ಸಾವಿರ ಅಡಿ ಎತ್ತರದಲ್ಲಿರುವವರು. ಒಲೆಯನ್ನೂ ಪಾತ್ರೆಯನ್ನೂ ಹೊತ್ತು ಚಾಮುಂಡಿ ಬೆಟ್ಟವನ್ನು ಹತ್ತಿದ ದಿನ ಅಲ್ಲಿ ನೀರು ಹೆಚ್ಚುಕಡಿಮೆ ಎರಡು ಡಿಗ್ರಿ ಮೊದಲೇ ಕುದಿಯಿತು. ಲ್ಹಾಸಾದಲ್ಲಿ ಪಂಡಿತನ ಪಾತ್ರೆಯ ನೀರಿನಿಂದ ಲೆಕ್ಕ ಹಾಕಿ ತೆಗೆದ ಎತ್ತರ ಸುಮಾರು ೧೧,೭೦೦ ಅಡಿ. ಸೂಕ್ಷ್ಮಯಂತ್ರಗಳಿಂದ ಈಗ ತಿಳಿದಿರುವುದು ೧೨,೦೦೦ಕ್ಕೆ ತುಸು ಕಡಿಮೆ.

ನಕ್ಷತ್ರದ ಪಾಠವನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ, ಏಕೆಂದರೆ ಮೋಡದ ದೆಸೆಯಿಂದ ನಮಗೆ ಅದು ಅರ್ಧವೇ ಆಯಿತು. ಧ್ರುವನಕ್ಷತ್ರವು ದಿಗಂತದಿಂದ ಎಷ್ಟು ಡಿಗ್ರಿ ಮೇಲಿರುವುದೋ ಹೆಚ್ಚುಕಡಿಮೆ ಅಷ್ಟೇ ಆ ಸ್ಥಳದ ಅಕ್ಷಾಂಶ. ತೋಳನ್ನು ನೀಟಾಗಿ ಚಾಚಿ ಮುಷ್ಟಿ ಹಿಡಿದರೆ ಮುಷ್ಟಿಯ ಅಗಲ ಸುಮಾರು ಹತ್ತು ಡಿಗ್ರಿ; ಮಗುವಿನ ಮುಷ್ಟಿ ಚಿಕ್ಕದಾದರೂ ತೋಳೂ ಗಿಡ್ಡವಾದುದರಿಂದ ಲೆಕ್ಕ ಕೆಡುವುದಿಲ್ಲ. ಮೈಸೂರಿನಲ್ಲಿ ಧ್ರುವನು ಒಂದು ಮುಷ್ಟಿಗಿಂತ ಸ್ವಲ್ಪ ಮೇಲೆ. ಲ್ಹಾಸಾದಲ್ಲಿ ಮೂರು ಮುಷ್ಟಿಗೆ ಒಂದಿಷ್ಟು ಕಡಿಮೆ. ಸುತ್ತಲೂ ಬೆಟ್ಟಗಳಿದ್ದು ದಿಗಂತವೇ ಕಾಣದ ಕಡೆ ಪಂಡಿತನು ಕವಡೆಯ ಪಾದರಸವನ್ನು ಬಟ್ಟಲಿಗೆ ಸುರಿದು, ನಕ್ಷತ್ರಕ್ಕೂ ಅದರ ಪ್ರತಿಬಿಂಬಕ್ಕೂ ನಡುವಣ ಕೋನವನ್ನಳೆದು ಅರ್ಧ ಮಾಡುತ್ತಿದ್ದನು. ಮಕ್ಕಳು ತಟ್ಟೆಯಲ್ಲಿ ನೀರಿಟ್ಟು ಚಂದ್ರನನ್ನು ನೋಡಿದರು. ಹೆಜ್ಜೆಯ ಲೆಕ್ಕ ತಪ್ಪಿದ್ದರೆ ನಕ್ಷತ್ರದ ಲೆಕ್ಕ ಅದನ್ನು ಹಿಡಿದುಕೊಡುವುದೆಂಬ ಮಾತು, ಎಮ್ಮೆಯ ಹಿಂಡಿನಲ್ಲಿ ಲೆಕ್ಕ ಕಳೆದುಕೊಂಡವರಿಗೆ ಚೆನ್ನಾಗಿ ಮನಸ್ಸಿಗೆ ಹತ್ತಿತು.

ಇಷ್ಟರವರೆಗೆ ಎಲ್ಲವೂ ಸುಖವಾಗಿ ಸಾಗಿದ್ದಿತು. ಆಮೇಲೊಂದು ದಿನ, ಪ್ರಾರ್ಥನಾಚಕ್ರವನ್ನು ರಟ್ಟಿನಿಂದ ಮಾಡುತ್ತ ಕುಳಿತಿದ್ದ ಬಾಲಕಿಯೊಬ್ಬಳು ತಲೆಯೆತ್ತಿ, "ಜಪ ಮಾಡುತ್ತೇನೆ ಅಂತ ಸುಳ್ಳು ಹೇಳಿದನಲ್ಲ, ಅವರಿಗೆ ಗೊತ್ತಾದಾಗ ಬೇಜಾರಾಗಲಿಲ್ಲವೇ?" ಎಂದಳು. ಉಪಾಧ್ಯಾಯರು ನನ್ನ ಮುಖವನ್ನು ನೋಡಿದರು.

ಇಲ್ಲಿ ಜಾರಿಕೊಳ್ಳುವುದು ಸುಲಭ. ಧೈರ್ಯ, ದೇಶಸೇವೆ, ವಿಜ್ಞಾನ ಎಂದು ಹೇಳಿ ಮುಂದಕ್ಕೆ ಹೋಗಬಹುದು. ಆದರೆ ನೈನ್ ಸಿಂಗನು ಆತಿಥ್ಯ ಕೊಟ್ಟವರಿಗೆ ತಾನಾರೆಂಬುದನ್ನು ಮರೆಮಾಚಿದನೆಂಬುದು ನಿಜ. ಅವನನ್ನು ಕಳುಹಿಸಿದವರ ಉದ್ದೇಶ ಬರಿಯ ಜ್ಞಾನತೃಷ್ಣೆಯಾಗಿರಲಿಲ್ಲವೆಂಬುದೂ ನಿಜ. ಉತ್ತರದಿಂದ ರಷ್ಯದವರು ಇಳಿದು ಬಂದಾರೆಂಬ ಶಂಕೆ ಅವರನ್ನು ಕಾಡುತ್ತಿದ್ದಿತು. ಪಂಡಿತರ ಹೆಜ್ಜೆಗಳಿಂದ ಮೂಡಿದ ಭೂಪಟಗಳಿದ್ದ ಸರ್ಕಾರದ ಸೈನ್ಯವೇ ೧೯೦೪ರಲ್ಲಿ ಯಂಗ್‌ಹಸ್ಬೆಂಡನ ಮುಂದಾಳುತನದಲ್ಲಿ ಲ್ಹಾಸಾವನ್ನು ಹೊಕ್ಕಿತು. ದಾರಿಯಲ್ಲಿ ಗುರು ಎಂಬ ಸ್ಥಳದಲ್ಲಿ ನೂರಾರು ಟಿಬೆಟ್ಟಿನವರು ಗುಂಡಿಗೆ ಬಲಿಯಾದರು. ಬಾಗಿಲನ್ನು ಮುಚ್ಚಿಕೊಂಡಿದ್ದವರ ಭಯ ಅಕಾರಣವಾಗಿರಲಿಲ್ಲ. ನಾವು ಗಾಮನನ್ನು ಪ್ರಶ್ನಿಸುವುದು ನ್ಯಾಯವಾದರೆ ಪಂಡಿತನನ್ನು ಪ್ರಶ್ನಿಸುವುದೂ ನ್ಯಾಯವೇ. ನಮ್ಮವನೆಂಬ ಕಾರಣದಿಂದ ಅವನನ್ನು ಗಡ್ಡದ ದೊರೆಯ ಪೀಠದ ಮೇಲೆ ಕೂರಿಸಿಬಿಟ್ಟರೆ, ಹೆಸರು ಬದಲಾಯಿತೇ ವಿನಾ ಪಾಠ ಬದಲಾಗಲಿಲ್ಲ.

ನಾನು ಎಂಟು ವರ್ಷದ ಮಗುವಿಗೆ ಇಷ್ಟನ್ನೂ ಹೇಳಲಿಲ್ಲ, ಸುಳ್ಳನ್ನೂ ಹೇಳಲಿಲ್ಲ. "ಬೇಜಾರಾಯಿತಮ್ಮ. ಅವರ ಊರಿಗೆ ಆಮೇಲೆ ಸಿಪಾಯಿಗಳೂ ಬಂದರು" ಎಂದೆನು. ಅವಳು ಸ್ವಲ್ಪ ಹೊತ್ತು ಯೋಚಿಸಿ, ತನ್ನ ರಟ್ಟಿನ ಚಕ್ರದೊಳಗೆ ಲೆಕ್ಕದ ಕಾಗದವನ್ನೂ ಇಟ್ಟಳು, ದೇವರ ನಾಮ ಬರೆದ ಚೀಟಿಯೊಂದನ್ನೂ ಇಟ್ಟಳು. ಆ ಇತ್ಯರ್ಥವನ್ನು ನಾನು ಯಾವ ಗ್ರಂಥದಲ್ಲಿಯೂ ಓದಿರಲಿಲ್ಲ.

ಕೊನೆಯ ಪಾಠವು ಕಿಂತುಪನದು. ಅವನು ಸಿಕ್ಕಿಮಿನವನು, ದಾರ್ಜಿಲಿಂಗಿನಲ್ಲಿ ದರ್ಜಿ, ಓದುಬರಹ ಬಾರದು. ಟಿಬೆಟ್ಟಿನ ತ್ಸಾಂಗ್‌ಪೋ ನದಿಯೇ ಅಸ್ಸಾಮಿನ ಬ್ರಹ್ಮಪುತ್ರವೇ ಎಂಬ ಸಂದೇಹವನ್ನು ಬಗೆಹರಿಸುವುದಕ್ಕಾಗಿ ೧೮೮೦ರಲ್ಲಿ ಒಬ್ಬ ಚೀಣೀ ಲಾಮಾನ ಸಂಗಡ ಅವನನ್ನು ಕಳುಹಿಸಿದರು. ನದಿಯಲ್ಲಿ ಗುರುತು ಮಾಡಿದ ಮರದ ತುಂಡುಗಳನ್ನು ತೇಲಿಬಿಡುವುದು. ಅಸ್ಸಾಮಿನಲ್ಲಿ ಕಾವಲಿದ್ದವರು ಅವುಗಳನ್ನು ಕಾಣುವುದು. ಇದು ಹಂಚಿಕೆ. ಲಾಮಾನು ದಾರಿಯಲ್ಲಿ ಕಿಂತುಪನನ್ನು ಗುಲಾಮನಾಗಿ ಮಾರಿ ಹೊರಟುಹೋದನು. ಕಿಂತುಪನು ಅಲ್ಲಿಂದ ತಪ್ಪಿಸಿಕೊಂಡು ಒಂದು ಮಠವನ್ನು ಸೇರಿ, ಅಲ್ಲಿಯೂ ಬೆಲೆಗೆ ಕೊಂಡ ಆಳಾಗಿಯೇ ದುಡಿಯುತ್ತ, ಯಾತ್ರೆಗೆಂದು ರಜ ಕೇಳಿ ೫೦೦ ತುಂಡುಗಳನ್ನು ಕಡಿದು ಬಚ್ಚಿಟ್ಟನು. ಇಂಥ ದಿನಗಳಲ್ಲಿ ಬಿಡುವೆನೆಂದು ಮತ್ತೊಬ್ಬರಿಂದ ಬರೆಸಿದ ಕಾಗದವನ್ನು ಲ್ಹಾಸಾದಿಂದ ಕಳುಹಿಸಿ, ಮತ್ತೆ ಬಂದು, ದಿನಕ್ಕೆ ಐವತ್ತರಂತೆ ಹತ್ತು ದಿನ ತೇಲಿಬಿಟ್ಟನು. ಕಾಗದವು ಸಕಾಲಕ್ಕೆ ತಲಪಲಿಲ್ಲ. ಅವನನ್ನು ಕಳುಹಿಸಿದ್ದ ಅಧಿಕಾರಿ ಅಷ್ಟರಲ್ಲಿ ದೇಶವನ್ನೇ ಬಿಟ್ಟಿದ್ದನು. ೧೮೮೪ರಲ್ಲಿ ಹಿಂದಿರುಗಿದ ಕಿಂತುಪನು ಬಾಯಲ್ಲಿ ಹೇಳಿ ಬರೆಸಿದುದನ್ನು ಅನೇಕರು ನಂಬಲಿಲ್ಲ. ೧೯೧೩ರಲ್ಲಿ ಬೇಲಿ, ಮೋರ್ಸ್‌ಹೆಡ್ ಎಂಬಿಬ್ಬರು ಅದೇ ಕಣಿವೆಯಲ್ಲಿ ನಡೆದು ಬಂದ ಮೇಲೆ ಅವನು ಹೇಳಿದುದು ಬಹುಮಟ್ಟಿಗೆ ಸರಿಯೆಂದು ತಿಳಿಯಿತು. ಅವನನ್ನು ಹುಡುಕಿಸಿ ಸರ್ಕಾರದವರು ಸಾವಿರ ರೂಪಾಯಿಗಳನ್ನು ಕೊಟ್ಟರು. ಆಗ ಅವನು ಮುದುಕ.

ಮಕ್ಕಳು ಬಣ್ಣ ಬಳಿದ ಕಡ್ಡಿಗಳನ್ನು ಕೆರೆಯ ತೂಬಿನ ಕಾಲುವೆಯಲ್ಲಿ ಬಿಡುವುದೆಂದೂ, ಕೆಳಗಡೆ ತೋಟದ ಮೋರಿಯ ಹತ್ತಿರ ಇಬ್ಬರು ಕಾಯುವುದೆಂದೂ ಗೊತ್ತಾಯಿತು. ಕಡ್ಡಿಗಳೇನೋ ಹೋದುವು. ನಾವೆಲ್ಲ ಓಡಿಹೋಗಿ ನೋಡುವಾಗ ಕಾವಲಿನವರಿಬ್ಬರೂ ಪಕ್ಕದ ಹುಣಿಸೇಮರದ ಮೇಲಿದ್ದರು. ಒಂದು ಕಡ್ಡಿಯನ್ನೂ ಯಾರೂ ನೋಡಿರಲಿಲ್ಲ. ಬಿಟ್ಟವರಿಗೂ ಕಾದವರಿಗೂ ದೊಡ್ಡ ಜಗಳವೇ ನಡೆಯಿತು. ನನ್ನ ತಂಗಿಯ ಮಗನೂ ಅಂದು ನಮ್ಮೊಡನೆ ಬಂದಿದ್ದನು. ಅವನು ಜಗಳಕ್ಕೆ ಸೇರದೆ ಮೋರಿಯ ಮೇಲೆ ಕುಳಿತು ನೀರನ್ನೇ ನೋಡುತ್ತಿದ್ದು, ಮನೆಗೆ ಬರುವಾಗ ದಾರಿಯಲ್ಲಿ ನನ್ನ ಕೈಹಿಡಿದು ಕೇಳಿದನು: "ಮಾವ, ಹತ್ತನೇ ದಿವಸ ಬಿಡುವಾಗಲೂ ಅವನಿಗೆ ಗೊತ್ತಿರಲಿಲ್ಲವೇ, ಆ ಕಡೆ ಯಾರೂ ಇಲ್ಲ ಅಂತ?"

"ಇಲ್ಲ, ಗೊತ್ತಿರಲಿಲ್ಲ" ಎಂದೆನು.

ಅವನು ಹೆಜ್ಜೆಗಳನ್ನೆಣಿಸುತ್ತ ನಡೆದನು. ಮನೆಯ ಬಾಗಿಲಿನವರೆಗೆ ೧,೧೪೬ ಎಂದು ಹೇಳಿ, ನನ್ನ ಲೆಕ್ಕವೆಷ್ಟೆಂದು ಕೇಳಿದನು. ನಾನು ಎಣಿಸಿರಲಿಲ್ಲ.